‘ಲಿನಕ್ಸ್ ಹಾಕಿ ಕೊಡಿ’ ಎನ್ನುವವರಿಗೆ

ಊರಿನ ಕಡೆಯಿಂದ ವರ್ಷಕ್ಕೆ ನಾಲ್ಕೈದು ಸಲವಾದರೂ ನನಗೆ ಒಂದೇ ಬಗೆಯ ಮಾತು ಬರುತ್ತದೆ. “ಆಫೀಸಿನಲ್ಲಿ ಒಂದಷ್ಟು ಹಳೆಯ ಕಂಪ್ಯೂಟರ್ ಉಂಟು. ವಿಂಡೋಸ್ ಓಡುವುದಿಲ್ಲ. ನಿಮ್ಮ ಆ ಕಡೆಯ ಮಕ್ಕಳಿಗೆ ಕಳುಹಿಸ್ತೇವೆ, ನೀವು ಲಿನಕ್ಸ್ ಹಾಕಿ ಕೊಡಿ. ಅದು ಹೇಗೂ ಫ್ರೀ ಅಲ್ವಾ?” 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲಂತೂ ಈ ಮಾತು ಇನ್ನೂ ಹೆಚ್ಚಾಗಿದೆ. ಹೇಳುವವರ ಮನಸ್ಸು ಒಳ್ಳೆಯದೇ, ಅದರಲ್ಲಿ ಸಂಶಯವಿಲ್ಲ. ಆದರೆ ಆ ಮಾತು ಈಗ ನಿಜವಲ್ಲ. ಬಹಳಷ್ಟು ಹಳೆಯ ಯಂತ್ರಗಳಿಗೆ ಇಂದು ಹಾಕಿ ಕೊಡಲು ತಕ್ಕ ಲಿನಕ್ಸೇ ಇಲ್ಲ. ಅದು ಯಾಕೆ ಇಲ್ಲದಾಯಿತು ಎಂದು ನಮ್ಮವರು ಒಂದು ಸಲ ಕುಳಿತು ಯೋಚಿಸಬೇಕು, ಯಾಕೆಂದರೆ ಅದರಲ್ಲಿ ನಮ್ಮ ಪಾಲೂ ಉಂಟು.

ನಾನಿರುವುದು ಆದೋನಿಯಲ್ಲಿ. ಇಲ್ಲಿಯ ಕನ್ನಡದವರ ಹಳೆಯ ಬಾಯಿಯಲ್ಲಿ ಅದು ಆದವಾನಿ. ಆಂಧ್ರದ ಕರ್ನೂಲು ಜಿಲ್ಲೆಯ ಪಶ್ಚಿಮದ ತುದಿ, ಹತ್ತಿಯ ಪೇಟೆ. ರಾಯಚೂರಿನಿಂದ ಗುಂತಕಲ್ಲಿಗೆ ಹೋಗುವ ರೈಲು ಹಿಡಿದವರು ಇದನ್ನು ದಾಟಿಯೇ ಹೋಗಿರುತ್ತಾರೆ. ಕೋಸಿಗಿ, ಕೌತಾಳಂ, ಹೊಳಗುಂದ, ಆಲೂರು ಈ ಭಾಗದಲ್ಲೆಲ್ಲ ಕನ್ನಡ ಮಾತಾಡುವ ಮನೆಗಳಿವೆ, ಕನ್ನಡದಲ್ಲಿ ಓದುವ ಮಕ್ಕಳಿದ್ದಾರೆ. ಬ್ಯಾರಿ ಮಾತಾಡುವವರು ಬೆರಳೆಣಿಕೆ. ನಾನು ಕಮಿಷನ್ ಅಂಗಡಿ, ಜಿನ್ನಿಂಗ್ ಮಿಲ್, ಶಾಲೆ ಎಂದು ತಿರುಗಿ ಕಂಪ್ಯೂಟರ್ ಮತ್ತು ಪ್ರಿಂಟರ್ ರಿಪೇರಿ ಮಾಡಿ ಜೀವನ ಮಾಡುವವನು. ಮಳೆ ಕೈಕೊಟ್ಟ ವರ್ಷ ದೀಪಾವಳಿ ಆದ ಮೇಲೆ ಇಲ್ಲಿಯ ಹಳ್ಳಿಗಳು ಅರ್ಧ ಖಾಲಿಯಾಗುತ್ತವೆ. ಮೆಣಸು, ಹತ್ತಿ ಬಿಡಿಸಲು ಗುಂಟೂರಿನ ಕಡೆಗೆ ಮನೆಮಂದಿಯೆಲ್ಲ ಹೋಗುತ್ತಾರೆ, ಮಕ್ಕಳೂ ಜೊತೆಗೆ. ಅಂಥ ಹಳ್ಳಿಯ ಶಾಲೆಯಲ್ಲಿ ಒಂದು ಕಂಪ್ಯೂಟರ್ ಇದ್ದರೆ ಅದು ಯಾರೋ ಕೊಟ್ಟ ಹಳೆಯದೇ. “ಹೊಸದು ತೆಗೆದುಕೊಳ್ಳಲಿ” ಎಂದು ಹೇಳುವುದು ಸುಲಭ.

ಇನ್ನು ಪೇಟೆಯಲ್ಲಿ ಹಳೆಯ ಯಂತ್ರ ಉಳಿದಿರುವುದು ಬಡತನದಿಂದಲ್ಲ. ಲಾರಿ ತೂಗುವ ವೇ ಬ್ರಿಡ್ಜಿನ ಕಾಟಾ ತನ್ನ ತೂಕವನ್ನು ಕಂಪ್ಯೂಟರಿಗೆ ಕಳುಹಿಸುವುದು ಸೀರಿಯಲ್ ಪೋರ್ಟ್ ಎಂಬ ಒಂಬತ್ತು ಪಿನ್ನಿನ ಹಳೆಯ ತೂತಿನಿಂದ. ತೂಕದ ಚೀಟಿ ಮೂರು ಪ್ರತಿ ಬೇಕು, ಕಾರ್ಬನ್ ಇಟ್ಟು ಹೊಡೆಯಲು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರೇ ಆಗಬೇಕು, ಅದಕ್ಕೆ ಇಪ್ಪತ್ತೈದು ಪಿನ್ನಿನ ಇನ್ನೊಂದು ತೂತು. ಹೊಸ ಲ್ಯಾಪ್‌ಟಾಪಿನಲ್ಲಿ ಎರಡೂ ಇಲ್ಲ. ಯುಎಸ್‌ಬಿಗೆ ಬದಲಾಯಿಸುವ ವೈರು ಸಿಗುತ್ತದೆ, ಅಗ್ಗದ್ದಾದರೆ ಸುಗ್ಗಿಯ ನಡುವೆ, ಲಾರಿಗಳು ಸಾಲಾಗಿ ನಿಂತಿರುವಾಗಲೇ ತೂಕ ತಪ್ಪಿ ಓದುತ್ತದೆ. ಆದ್ದರಿಂದ ಹದಿನೈದು ವರ್ಷದ ಹಿಂದಿನ ಪೆಟ್ಟಿಗೆಯನ್ನು ಮಿಲ್ಲಿನವರು ಚಿನ್ನದಂತೆ ನೋಡಿಕೊಳ್ಳುತ್ತಾರೆ. ತಿಂಗಳಿಗೊಮ್ಮೆ ಅದರ ಫ್ಯಾನಿನಿಂದ ನಾನು ತೆಗೆಯುವ ಹತ್ತಿಯಲ್ಲಿ ದಿಂಬು ಮಾಡಬಹುದು.

ಈಗ ವಿಷಯಕ್ಕೆ ಬರುತ್ತೇನೆ. ‘ಲಿನಕ್ಸ್ ಬೆಂಬಲ ನಿಲ್ಲಿಸಿತು’ ಎಂದರೆ ಯಾರೋ ಒಬ್ಬರು ಒಂದು ದಿನ ಸ್ವಿಚ್ ಆಫ್ ಮಾಡಿದರು ಎಂದಲ್ಲ. ಅದರಲ್ಲಿ ಮೂರು ಮೆಟ್ಟಿಲು ಇವೆ. ಕೆಳಗೆ ಕರ್ನೆಲ್, ಯಂತ್ರದ ಚಿಪ್ಪಿನೊಂದಿಗೆ ನೇರವಾಗಿ ಮಾತಾಡುವ ಭಾಗ. ಅದರ ಮೇಲೆ ಡೆಬಿಯನ್, ಉಬುಂಟು, ಮಿಂಟ್, ಫೆಡೋರಾ ಮುಂತಾದವು. ಇವರನ್ನು ವಿತರಕರು ಎನ್ನೋಣ, ಕರ್ನೆಲ್ಲಿಗೆ ಸಾವಿರಾರು ತಂತ್ರಾಂಶ ಸೇರಿಸಿ, ಕಟ್ಟಿ, ಪರೀಕ್ಷಿಸಿ ನಮ್ಮ ಕೈಗೆ ಕೊಡುವವರು. ಎಲ್ಲಕ್ಕಿಂತ ಮೇಲೆ ಬ್ರೌಸರ್. ಕರ್ನೆಲ್ಲಿನವರು ಹಳೆಯ 32-ಬಿಟ್ ಚಿಪ್ಪುಗಳನ್ನು ಇನ್ನೂ ಪೂರ್ತಿ ಕೈಬಿಟ್ಟಿಲ್ಲ. ಕೈಬಿಟ್ಟವರು ಮೇಲಿನ ಎರಡು ಮೆಟ್ಟಿಲಿನವರು, ಒಬ್ಬೊಬ್ಬರಾಗಿ. 2016ರ ಮಾರ್ಚಿನಲ್ಲಿ ಗೂಗಲ್ ತನ್ನ ಕ್ರೋಮ್ ಬ್ರೌಸರನ್ನು 32-ಬಿಟ್ ಲಿನಕ್ಸಿಗೆ ಕೊಡುವುದನ್ನು ನಿಲ್ಲಿಸಿತು. 2017ರ ಅಕ್ಟೋಬರಿನಲ್ಲಿ ಉಬುಂಟು ತನ್ನ ಡೆಸ್ಕ್‌ಟಾಪಿನ 32-ಬಿಟ್ ಪ್ರತಿ ನಿಲ್ಲಿಸಿತು. 2019ರಲ್ಲಿ ಫೆಡೋರಾ, 2020ರಲ್ಲಿ ಮಿಂಟ್. ಕೊನೆಗೆ, ‘ಸಾರ್ವತ್ರಿಕ ಆಪರೇಟಿಂಗ್ ಸಿಸ್ಟಮ್’ ಎಂದು ತನ್ನನ್ನು ಕರೆದುಕೊಳ್ಳುವ ಡೆಬಿಯನ್ ಕೂಡ. 2025ರ ಆಗಸ್ಟ್ 9ರಂದು ಬಂದ ಡೆಬಿಯನ್ 13ರಲ್ಲಿ 32-ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲ, ಕರ್ನೆಲ್ ಇಲ್ಲ. ಅದೇ ವರ್ಷ ನವೆಂಬರಿನಲ್ಲಿ ಬಂದ ಫೈರ್‌ಫಾಕ್ಸ್ 145ರಿಂದ ಮೊಝಿಲ್ಲಾದವರೂ 32-ಬಿಟ್ ಲಿನಕ್ಸನ್ನು ಬಿಟ್ಟರು.

ಹಿಂದಿನ ಡೆಬಿಯನ್ 12ಕ್ಕೆ ದೀರ್ಘಾವಧಿಯ ಭದ್ರತಾ ತೇಪೆ 2028ರ ಜೂನ್‌ವರೆಗೆ ಸಿಗುತ್ತದೆ. ಆದರೆ ಫೈರ್‌ಫಾಕ್ಸಿನ 140ನೇ ದೀರ್ಘಾವಧಿ ಆವೃತ್ತಿಗೆ ಮೊಝಿಲ್ಲಾ ಖಾತ್ರಿ ಕೊಟ್ಟಿರುವುದು 2026ರ ಸೆಪ್ಟೆಂಬರ್‌ವರೆಗೆ ಮಾತ್ರ. ಅಂದರೆ ಮನೆ ನಿಂತಿರುವಾಗಲೇ ಬಾಗಿಲು ಹೋಗುತ್ತದೆ. ಇಂದು ಶಾಲೆಗೆ ಬೇಕಾದ ಹೆಚ್ಚಿನದೆಲ್ಲ ಬ್ರೌಸರಿನೊಳಗೇ ಇರುವುದು: ವಿದ್ಯಾರ್ಥಿವೇತನದ ಅರ್ಜಿ, ಫಲಿತಾಂಶ, ಪಾಠದ ವಿಡಿಯೊ. ಹಳೆಯ ಬ್ರೌಸರಿನಲ್ಲಿ ಹೇಗೋ ನಡೆಸೋಣ ಎಂದರೂ ನಡೆಯುವುದಿಲ್ಲ. 2021ರ ಸೆಪ್ಟೆಂಬರ್ 30ರಂದು ಒಂದು ಹಳೆಯ ಮೂಲ ಪ್ರಮಾಣಪತ್ರದ ಅವಧಿ ಮುಗಿದಾಗ, ಅಪ್ಡೇಟ್ ಕಾಣದ ಯಂತ್ರಗಳಲ್ಲಿ ನಿನ್ನೆಯವರೆಗೆ ತೆರೆಯುತ್ತಿದ್ದ ಎಷ್ಟೋ ತಾಣಗಳು ಬೆಳಗಾಗುವುದರೊಳಗೆ ‘ಸುರಕ್ಷಿತವಲ್ಲ’ ಎಂದು ಮುಖ ತಿರುಗಿಸಿದವು. ಯಂತ್ರ ಕೆಟ್ಟಿರಲಿಲ್ಲ, ನೆಟ್ಟೂ ಸರಿ ಇತ್ತು.

ಈ ತೀರ್ಮಾನಗಳ ಹಿಂದೆ ಪ್ರತಿ ಸಲ ಕೇಳಿಬರುವ ಒಂದು ಮಾತುಂಟು: “ಈಗ ಅದನ್ನು ಯಾರೂ ಬಳಸುವುದಿಲ್ಲ.” ಇದನ್ನು ನಾನು ಒಪ್ಪುವುದಿಲ್ಲ. ಬಳಸುವವರನ್ನು ಎಣಿಸಿದ್ದು ಹೇಗೆ? ಡೆಬಿಯನ್‌ನಲ್ಲಿ ಪಾಪ್ಯುಲಾರಿಟಿ ಕಾಂಟೆಸ್ಟ್ ಎಂಬ ಒಂದು ವ್ಯವಸ್ಥೆ ಇದೆ. ಬಳಸುವವರು ತಾವಾಗಿ ಒಪ್ಪಿಗೆ ಕೊಟ್ಟರೆ ಮಾತ್ರ, ಯಂತ್ರಕ್ಕೆ ನೆಟ್ ಇದ್ದರೆ ಮಾತ್ರ, ಅದು ಲೆಕ್ಕ ಕಳುಹಿಸುತ್ತದೆ. ಆದೋನಿಯ ಕಾಟಾದ ಕಂಪ್ಯೂಟರಿಗೆ ನೆಟ್ಟೇ ಇಲ್ಲ. ಶಾಲೆಯ ಕಂಪ್ಯೂಟರಿಗೆ ನೆಟ್ ಸಿಗುವುದು ಮೇಷ್ಟ್ರು ತಮ್ಮ ಮೊಬೈಲಿನ ಹಾಟ್‌ಸ್ಪಾಟ್ ಹಾಕಿದ ಅರ್ಧ ಗಂಟೆ. ಬಗ್ ರಿಪೋರ್ಟ್ ಬರೆಯಲು ಇಂಗ್ಲಿಷ್ ಬೇಕು, ಬಿಡುವು ಬೇಕು, ಅಂಥದೊಂದು ದಾರಿ ಉಂಟೆಂದು ಗೊತ್ತಿರಬೇಕು. ಇದ್ಯಾವುದೂ ಇಲ್ಲದವನು ಲೆಕ್ಕಕ್ಕೆ ಬರುವುದಿಲ್ಲ, ಲೆಕ್ಕಕ್ಕೆ ಬಾರದವನು ಇಲ್ಲವೇ ಇಲ್ಲ ಎಂದಾಗುತ್ತದೆ. ರೇಶನ್ ಕಾರ್ಡಿನಲ್ಲಿ ಹೆಸರು ಬಿಟ್ಟುಹೋದವರ ಕಷ್ಟ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಡೆಬಿಯನ್‌ನವರನ್ನು ಬೈಯಲು ನಾನು ಹೊರಟಿಲ್ಲ. ಇಲ್ಲಿ ನನಗೂ ಲಿನಕ್ಸ್ ಪ್ರೇಮಿ ಗೆಳೆಯರಿಗೂ ಜಗಳ. ‘ಬಡವರಿಗೆ ದ್ರೋಹ’ ಎಂದು ಅವರು ಕೂಗುತ್ತಾರೆ. ಸಂಬಳವಿಲ್ಲದೆ, ರಾತ್ರಿ ಕುಳಿತು, ತನ್ನ ಸ್ವಂತ ಸಮಯದಲ್ಲಿ ತಂತ್ರಾಂಶ ಕಟ್ಟುವ ಒಬ್ಬ ಮನುಷ್ಯ ಆದೋನಿಗೆ ಏನು ಸಾಲ ಇಟ್ಟುಕೊಂಡಿದ್ದಾನೆ? ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೆಲ್ಸಿಂಕಿಯಲ್ಲಿ ಲಿನಕ್ಸ್ ಬರೆಯಲು ಶುರು ಮಾಡಿದ್ದು ತನ್ನ 386 ಕಂಪ್ಯೂಟರಿಗಾಗಿಯೇ. ಅದೇ 386ರ ಬೆಂಬಲವನ್ನು 2012ರ ಡಿಸೆಂಬರಿನಲ್ಲಿ ಕರ್ನೆಲ್ಲಿನಿಂದ ಕಿತ್ತುಹಾಕಿದಾಗ, ತನಗೆ ಭಾವುಕತೆಯೇನೂ ಇಲ್ಲವೆಂದು ಹೇಳಿ ಆತನೇ ಒಪ್ಪಿಗೆ ಕೊಟ್ಟ. 2025ರಲ್ಲಿ 486ನ್ನೂ ತೆಗೆಯುವ ಪ್ಯಾಚುಗಳು ಬಂದವು. ಕಾರಣ ಸರಳ. ಹಳೆಯ ಚಿಪ್ಪಿಗೆ ಬರದ ಸೂಚನೆಗಳಿಗೆ ಬದಲಿ ಕೋಡು ಉಳಿಸಿಕೊಳ್ಳಬೇಕು, ಹೊಸ ಬದಲಾವಣೆ ಆದಾಗೆಲ್ಲ ಅದು ಮುರಿದಿದೆಯೇ ಎಂದು ನಿಜವಾದ ಹಳೆಯ ಯಂತ್ರದಲ್ಲಿ ನೋಡಬೇಕು. ನೋಡುವವರಿಲ್ಲದಿದ್ದರೆ ‘ಬೆಂಬಲ ಇದೆ’ ಎಂದು ಹೇಳುವುದೇ ಸುಳ್ಳು. ಡೆಬಿಯನ್‌ನಲ್ಲಿ ಒಂದೊಂದು ಬಗೆಯ ಚಿಪ್ಪಿಗೂ ‘ಇದರ ಜವಾಬ್ದಾರಿ ನಮ್ಮದು’ ಎಂದು ಕೈಯೆತ್ತುವವರು ಬೇಕು, ಅವರಿಗೆ ಪೋರ್ಟರ್ ಎನ್ನುತ್ತಾರೆ. ರೈಲ್ವೆ ಸ್ಟೇಷನ್ನಿನ ಪೋರ್ಟರ್ ಅಲ್ಲ, ಆದರೆ ಹೊರುವ ಕೆಲಸವೇ.

ಕೈಯೆತ್ತುವವರಿದ್ದರೆ ಏನಾಗುತ್ತದೆ ನೋಡಿ. ಮೋಟೊರೊಲಾ ಕಂಪನಿಯ 68000 ಸಾಲಿನ ಚಿಪ್ಪು ಗೊತ್ತೇ? ಅಮಿಗ, ಅಟಾರಿ, ಹಳೆಯ ಮ್ಯಾಕಿಂಟೋಶ್ ಯಂತ್ರಗಳ ಒಳಗಿದ್ದದ್ದು, 1980ರ, 90ರ ದಶಕದ್ದು. ಡೆಬಿಯನ್ ಅದನ್ನು ಅಧಿಕೃತವಾಗಿ ಕೊನೆಯ ಸಲ ಬಿಡುಗಡೆ ಮಾಡಿದ್ದು 2005ರಲ್ಲಿ. ಆದರೂ ಅದು ಸತ್ತಿಲ್ಲ. ಕೆಲವು ಹವ್ಯಾಸಿಗಳು ಡೆಬಿಯನ್ ಪೋರ್ಟ್ಸ್ ಎಂಬ ಹಿತ್ತಲಿನಲ್ಲಿ ಅದನ್ನು ಇಂದಿಗೂ ಸಾಕಿಕೊಂಡು ಬಂದಿದ್ದಾರೆ. ಆ ಯಂತ್ರದ ಮುಂದೆ ಕೋಸಿಗಿಯ ಶಾಲೆಯ 2008ರ ನೆಟ್‌ಬುಕ್ ನಿನ್ನೆ ಹುಟ್ಟಿದ ಮಗು. ಹಾಗಾದರೆ ಸಾಯಿಸಿದ್ದು ವಯಸ್ಸಲ್ಲ. ಅಮಿಗಕ್ಕೆ ಜನ ಇದ್ದರು, ನೆಟ್‌ಬುಕ್ಕಿಗೆ ಇರಲಿಲ್ಲ. ಅಮಿಗವನ್ನು ಪ್ರೀತಿಸುವವರ ಕೈಯಲ್ಲಿ ಸಮಯ ಉಂಟು, ನೆಟ್‌ಬುಕ್ಕನ್ನು ನೆಚ್ಚಿಕೊಂಡವರ ಕೈಯಲ್ಲಿ ಇಲ್ಲ.

ಇಲ್ಲಿಗೆ ನಮ್ಮ ಸರದಿ ಬಂತು ಮಾರಾಯ್ರೆ.

ಹೋದ ವರ್ಷ ಕರಾವಳಿಯ ಒಂದು ಸಂಸ್ಥೆ, ಹೆಸರು ಬೇಡ, ಹನ್ನೊಂದು ಯಂತ್ರಗಳನ್ನು ಲಾರಿಯಲ್ಲಿ ಕಳುಹಿಸಿತು. ಕೊಡುವ ದಿನ ಬ್ಯಾನರ್ ಕಟ್ಟಿದರು, ಫೋಟೊ ತೆಗೆದರು, ಊರಿನ ಗ್ರೂಪುಗಳಲ್ಲೆಲ್ಲ ಅದು ಓಡಾಡಿತು. ಮರುದಿನ ನಾನು ಒಂದೊಂದಾಗಿ ಬಿಚ್ಚಿದೆ. ಎರಡರಲ್ಲಿ ಹಾರ್ಡ್ ಡಿಸ್ಕೇ ಇಲ್ಲ. ಮೂರು ಪೆಂಟಿಯಮ್ 4, ಒಂದರ ಮದರ್‌ಬೋರ್ಡಿನ ಕೆಪಾಸಿಟರುಗಳು ಉಬ್ಬಿ ನಿಂತಿದ್ದವು. ನಾಲ್ಕು ನೆಟ್‌ಬುಕ್, ಎಲ್ಲವೂ 32-ಬಿಟ್. ಕೆಲಸಕ್ಕೆ ಬಂದದ್ದು ಎರಡು ಕೋರ್ 2 ಡುಯೋ. ಸಂಸ್ಥೆಯ ಕಾರ್ಯದರ್ಶಿಗೆ ಫೋನ್ ಮಾಡಿ, ನೆಟ್‌ಬುಕ್ಕಿಗೆ ಬ್ಯಾಟರಿ, ಮೆಮೊರಿ ಬೇಕು, ಎರಡು ವರ್ಷ ನೋಡಿಕೊಳ್ಳಲು ಒಬ್ಬ ಹುಡುಗನಿಗೆ ತಿಂಗಳಿಗೆ ಸ್ವಲ್ಪ ಕೊಡಬೇಕು ಎಂದೆ. “ಅದಕ್ಕೆಲ್ಲ ಫಂಡ್ ಇಲ್ಲ ಕಾಕ, ನಾವು ಕಂಪ್ಯೂಟರ್ ಕೊಟ್ಟೆವಲ್ಲ, ನೀವು ಲಿನಕ್ಸ್ ಹಾಕಿ” ಎಂದ. ಲಾರಿ ಬಾಡಿಗೆಗೆ ಫಂಡ್ ಇತ್ತು, ಬ್ಯಾನರಿಗೂ ಇತ್ತು. ಶಾಲೆಯ ಹೆಡ್‌ಮಾಸ್ಟ್ರು ಮಾತ್ರ ಏನೂ ಅನ್ನಲಿಲ್ಲ. “ಇರ್ಲಿ ಬಿಡ್ರಿ ಸಾಹೇಬ್ರೆ, ಪೆಟ್ಟಿಗಿ ಮ್ಯಾಲೆ ಪುಸ್ತಕ ಇಡಾಕ ಬರ್ತಾವ” ಎಂದರು.

ನಮ್ಮಲ್ಲಿ ಗುಜರಿ ವ್ಯಾಪಾರ ಮಾಡಿ ಮಕ್ಕಳನ್ನು ಓದಿಸಿದ ಮನೆಗಳು ಎಷ್ಟೋ ಇವೆ. ಗುಜರಿಯವನಿಗೆ ಗೊತ್ತಿರುವಷ್ಟು ದಾನ ಕೊಡುವವರಿಗೆ ಗೊತ್ತಿಲ್ಲ. ಅವನು ತಗಡು ಯಾವುದು, ತಾಮ್ರ ಯಾವುದು, ಇನ್ನೊಬ್ಬರು ಬಳಸಬಹುದಾದದ್ದು ಯಾವುದು ಎಂದು ಕೈಯಲ್ಲಿ ಹಿಡಿದ ಕೂಡಲೇ ಬೇರ್ಪಡಿಸುತ್ತಾನೆ. ನಾವು ತಗಡನ್ನು ದಾನದ ಹೆಸರಿನಲ್ಲಿ ನಾನೂರು, ಐನೂರು ಕಿಲೋಮೀಟರ್ ದೂರದ ಶಾಲೆಗೆ ಸಾಗಿಸಿ, ವಿಲೇವಾರಿಯ ತಲೆನೋವನ್ನು ಅವರಿಗೆ ಕೊಟ್ಟು ಬರುತ್ತೇವೆ.

“ಫ್ರೀ” ಎಂಬ ಪದವೇ ನಮ್ಮನ್ನು ಹಾಳು ಮಾಡಿತೋ ಏನೋ. ಲಿನಕ್ಸಿನ ಪರವಾನಗಿ ಕೊಡುವುದು ಸ್ವಾತಂತ್ರ್ಯ: ಕೋಡು ನೋಡಬಹುದು, ಬದಲಾಯಿಸಬಹುದು, ಹಂಚಬಹುದು. ಬೇರೆ ಯಾರೋ ಬಿಟ್ಟುಬಿಟ್ಟದ್ದನ್ನು ನಾವು ಎತ್ತಿ ನಡೆಸಬಹುದು. ವಿಂಡೋಸಿನಲ್ಲಿ ಈ ಹಕ್ಕು ಇಲ್ಲ. ಇದೇನೂ ಸಣ್ಣ ವಿಷಯವಲ್ಲ. ಕನ್ನಡ, ತೆಲುಗು ಎರಡೂ ಅಕ್ಷರಗಳು ಒಂದೇ ಯಂತ್ರದಲ್ಲಿ, ಒಂದು ರೂಪಾಯಿ ಕೊಡದೆ, ಕಳ್ಳಪ್ರತಿ ಹಾಕದೆ ಸಿಗುವುದು ಈ ಗಡಿನಾಡಿನ ಶಾಲೆಗೆ ಎಷ್ಟು ದೊಡ್ಡದು ಎಂದು ಇಲ್ಲಿ ಬಂದು ನೋಡಬೇಕು. ಆದರೆ ಹಕ್ಕನ್ನು ಎತ್ತಿ ಬಳಸುವ ಕೈ ಇಲ್ಲದಿದ್ದರೆ ಅದು ಕಾಗದದ ಮೇಲೆಯೇ ಉಳಿಯುತ್ತದೆ.

ಕೈ ಇರುವ ಕಡೆಯೂ ಉಂಟು. ದೂರ ಹೋಗಬೇಕಾಗಿಲ್ಲ. ಮಂಜೇಶ್ವರ, ಉಪ್ಪಳದ ಮನೆಗಳ ಮಕ್ಕಳನ್ನು ಕೇಳಿ. ಕೇರಳ ಸರಕಾರ 2001ರಲ್ಲಿ ಐಟಿ@ಸ್ಕೂಲ್ ಎಂದು ಶುರು ಮಾಡಿ, 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಗಿ ಬದಲಾಯಿಸಿದ ವ್ಯವಸ್ಥೆ ಉಬುಂಟುವಿನ ಮೇಲೆ ತನ್ನದೇ ಲಿನಕ್ಸನ್ನು ಕಟ್ಟಿ ಶಾಲೆಗಳಿಗೆ ಕೊಡುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಅದರ ಪಠ್ಯಪುಸ್ತಕ ಕನ್ನಡದಲ್ಲಿಯೇ ಇದೆ. ಕಲಿಸುವವರಿಗೆ ಕಲಿಸಲು ಮಾಸ್ಟರ್ ಟ್ರೈನರುಗಳಿದ್ದಾರೆ. 2018ರಿಂದ ಲಿಟಲ್ ಕೈಟ್ಸ್ ಎಂಬ ಮಕ್ಕಳ ಕೂಟಗಳೂ ಇವೆ. ಅಲ್ಲಿ ಲಿನಕ್ಸ್ ಉಳಿದಿರುವುದು ಫ್ರೀ ಎಂದಲ್ಲ, ಅದಕ್ಕೆ ಸರಕಾರ ಪ್ರತಿ ವರ್ಷ ಖರ್ಚು ಮಾಡುತ್ತದೆ ಎಂದು. ಒಂದು ಗಡಿಯಲ್ಲಿ ಕನ್ನಡದ ಮಗುವಿಗೆ ಇದು ಸಿಕ್ಕಿತು, ಇನ್ನೊಂದು ಗಡಿಯಲ್ಲಿ ಸಿಗಲಿಲ್ಲ. ಭಾಷೆ ಒಂದೇ, ತಂತ್ರಾಂಶವೂ ಒಂದೇ. ಸಂಬಳ ಕೊಟ್ಟು ಇಟ್ಟ ಜನರು ಮಾತ್ರ ಬೇರೆ.

ಎಲ್ಲ ಹಳೆಯದನ್ನೂ ಉಳಿಸಬೇಕು ಎಂಬ ಹುಚ್ಚು ನನಗಿಲ್ಲ. ಪೆಂಟಿಯಮ್ 4ರ ಕೆಲವು ಮಾದರಿಗಳಲ್ಲಿ ಚಿಪ್ ಒಂದೇ 80 ವ್ಯಾಟ್ ದಾಟಿ ಕರೆಂಟ್ ತಿನ್ನುತ್ತದೆ. ಆದೋನಿಯ ಏಪ್ರಿಲ್ ಬಿಸಿಲಿಗೆ ಶಾಲೆಯ ಕೋಣೆಯಲ್ಲಿ ಅದು ಒಲೆ, ಯುಪಿಎಸ್ ಬ್ಯಾಟರಿಗೆ ಯಮ. ಅದನ್ನು ಗುಜರಿಗೇ ಹಾಕಿ. ನನಗೆ ಹೊಟ್ಟೆ ಉರಿಯುವುದು ನೆಟ್‌ಬುಕ್ಕುಗಳ ವಿಷಯದಲ್ಲಿ. ಅವುಗಳ ಒಳಗಿರುವ 2008ರ ಆಟಮ್ ಎನ್270 ಚಿಪ್ಪಿನ ಲೆಕ್ಕ ಎರಡೂವರೆ ವ್ಯಾಟ್. ಕರೆಂಟ್ ಹೋದರೂ ಬ್ಯಾಟರಿಯಲ್ಲಿ ಪಾಠ ಮುಗಿಯುತ್ತದೆ. ಹಳ್ಳಿ ಶಾಲೆಗೆಂದೇ ಮಾಡಿದಂಥ ಯಂತ್ರ. ಆದರೆ ಅದು 32-ಬಿಟ್ ಮಾತ್ರ. ಕರೆಂಟ್ ನುಂಗುವ ಪೆಂಟಿಯಮ್ ಹೋದ ದಾರಿಯಲ್ಲೇ ಇದೂ ಹೋಯಿತು.

ಕಳುಹಿಸಲು ಹೊರಟಿರುವವರು ಮೊದಲು ಎರಡು ವಿಷಯ ತಿಳಿದುಕೊಳ್ಳಿ. ಒಂದು, ‘32-ಬಿಟ್’ ಎಂದು ಗುಜರಿಗೆ ಹಾಕುವ ಎಷ್ಟೋ ಯಂತ್ರಗಳು ನಿಜವಾಗಿ 64-ಬಿಟ್ಟೇ. 2006ರಲ್ಲಿ ಬಂದ ಕೋರ್ 2 ಡುಯೋದಿಂದಲೇ ಆ ಶಕ್ತಿ ಉಂಟು. ಒಳಗೆ 32-ಬಿಟ್ ವಿಂಡೋಸ್ ಹಾಕಿದ್ದರಿಂದ ಹಾಗೆ ಕಾಣುತ್ತದೆ, ಅಷ್ಟೆ. ಅದಕ್ಕೆ ಇಂದಿನ ಡೆಬಿಯನ್ 13 ಚೆನ್ನಾಗಿ ಕೂರುತ್ತದೆ, ನಾಲ್ಕು ಜಿಬಿ ಮೆಮೊರಿ ಮತ್ತು ಅಗ್ಗದ ಎಸ್‌ಎಸ್‌ಡಿ ಒಂದು ಹಾಕಿ ಕೊಟ್ಟರೆ. ಆದರೆ ಅದಕ್ಕೂ ಕತ್ತಿ ಮೇಲೆ ತೂಗುತ್ತಿದೆ. 2022ರ ರೆಡ್ ಹ್ಯಾಟ್ 9 ಕೋರ್ 2 ಡುಯೋವನ್ನು ಒಳಗೆ ಬಿಡುವುದಿಲ್ಲ, 2025ರ ರೆಡ್ ಹ್ಯಾಟ್ 10 ಇನ್ನೂ ಮೇಲಿನ ಚಿಪ್ಪು ಕೇಳುತ್ತದೆ. ಓಪನ್‌ಸೂಸೆ ಲೀಪ್ 16 ಕೂಡ ಅದೇ ದಾರಿ ಹಿಡಿಯಿತು. ಎರಡನೆಯದು, ನೆಟ್ಟಿಗೆ ಹೋಗದ ಯಂತ್ರಕ್ಕೆ ‘ಬೆಂಬಲ ಮುಗಿಯಿತು’ ಎಂಬುದು ಸಾವಿನ ಸುದ್ದಿ ಅಲ್ಲ. ಕಾಟಾದ ಕಂಪ್ಯೂಟರ್ ಹಳೆಯ ಡೆಬಿಯನ್‌ನಲ್ಲೇ ಇನ್ನೂ ಹತ್ತು ವರ್ಷ ನಡೆಯಲಿ. ಹಳೆಯ ಆವೃತ್ತಿಗಳೆಲ್ಲ ಡೆಬಿಯನ್‌ನವರ ಆರ್ಕೈವಿನಲ್ಲಿ ಭದ್ರವಾಗಿ ಇವೆ. ವೈರು ಕಿತ್ತು ಬಿಟ್ಟರಾಯಿತು. ಬ್ಯಾಂಕಿನ ಪಾಸ್‌ವರ್ಡ್, ಮಕ್ಕಳ ಆಧಾರ್ ನಂಬರ್ ಹೊಡೆಯುವ ಯಂತ್ರಕ್ಕೆ ಈ ಮಾತು ಹೊಂದುವುದಿಲ್ಲ.

ಹಣದ ವಿಷಯದಲ್ಲಿ ನನ್ನ ಬೇಡಿಕೆ ನೇರ. ಹತ್ತು ಯಂತ್ರ ಕಳುಹಿಸಲು ಖರ್ಚು ಮಾಡುವವರು ಐದು ಕಳುಹಿಸಿ, ಉಳಿದ ಹಣವನ್ನು ಮೂರು ವರ್ಷದ ರಿಪೇರಿಗೆ ತೆಗೆದಿಡಿ. ಹಾಗೆ ಆಗುವುದಿಲ್ಲ ಎಂದರೆ ಕಳುಹಿಸಬೇಡಿ. ಪಳ್ಳಿ ಕಟ್ಟುವಾಗ ಸುಣ್ಣ ಹೊಡೆಸುವ ಲೆಕ್ಕ ಇಡುತ್ತೇವೆ, ಬೋರ್‌ವೆಲ್ ತೆಗೆಸಿದರೆ ಪಂಪಿನ ಲೆಕ್ಕ ಇಡುತ್ತೇವೆ. ಕಂಪ್ಯೂಟರಿಗೆ ಮಾತ್ರ ಯಾಕೆ ಇಲ್ಲ?

ಇನ್ನು ಮಂಗಳೂರಿನ ಕಾಲೇಜುಗಳಲ್ಲಿ ಕಂಪ್ಯೂಟರ್ ಸಾಯನ್ಸ್ ಓದಿ ಬೆಂಗಳೂರು, ದುಬೈ, ಜುಬೈಲ್ ಎಂದು ಕೆಲಸದಲ್ಲಿರುವ ನಮ್ಮ ಮನೆಯ ಹುಡುಗ ಹುಡುಗಿಯರಿಗೆ. ನಿಮ್ಮಲ್ಲಿ ಹೆಚ್ಚಿನವರ ಕಂಪನಿಯ ಸರ್ವರುಗಳು ಲಿನಕ್ಸಿನಲ್ಲೇ ಓಡುತ್ತಿರುತ್ತವೆ, ನಿಮ್ಮ ಸಂಬಳದಲ್ಲಿ ಅದರ ಋಣ ಇದೆ. ಡೆಬಿಯನ್ 12ರ 32-ಬಿಟ್ ಅವಧಿ ಮುಗಿಯಲು 2028ರ ಜೂನ್‌ವರೆಗೆ ಸಮಯವಿದೆ. ಹೊಸ ಕರ್ನೆಲ್ ಬರೆಯಿರಿ ಎಂದು ಯಾರೂ ನಿಮ್ಮನ್ನು ಕೇಳುತ್ತಿಲ್ಲ. ಹೊಸ ಕಂತು ಬಂದಾಗ ಹಳೆಯ ಯಂತ್ರದಲ್ಲಿ ಹಾಕಿ ನೋಡುವುದು, ಏನು ಮುರಿಯಿತು ಎಂದು ಸರಿಯಾದ ಇಂಗ್ಲಿಷಿನಲ್ಲಿ ವರದಿ ಬರೆಯುವುದು, ಬಂದ ಪ್ಯಾಚನ್ನು ಮತ್ತೆ ಪರೀಕ್ಷಿಸುವುದು, ಪೋರ್ಟರ್ ಕೆಲಸ ಶುರುವಾಗುವುದು ಇಲ್ಲಿಂದಲೇ. ವಾರಕ್ಕೆ ಎರಡು ಗಂಟೆ ಕೊಡುವ ನಾಲ್ಕು ಜನ ಸಿಕ್ಕಿದರೂ ‘ಇದನ್ನು ಯಾರೂ ಬಳಸುವುದಿಲ್ಲ’ ಎನ್ನುವವರ ಮುಂದೆ ಇಡಲು ನಾಲ್ಕು ಹೆಸರು ಇರುತ್ತವೆ. ಪರೀಕ್ಷೆಗೆ ಯಂತ್ರ ಇಲ್ಲ ಎಂಬ ನೆಪ ಮಾತ್ರ ಹೇಳಬೇಡಿ. ನಾಲ್ಕು ನೆಟ್‌ಬುಕ್ ನನ್ನ ಅಂಗಡಿಯ ಅಟ್ಟದಲ್ಲಿವೆ. ಎರಡಕ್ಕೆ ನಾನೇ ಬ್ಯಾಟರಿ ಹಾಕಿಸಿದ್ದೇನೆ. ದೂರದಿಂದಲೇ ಲಾಗಿನ್ ಆಗುವಂತೆ ಮಾಡಿ ಕೊಡುತ್ತೇನೆ, ರಾತ್ರಿ ಹತ್ತರ ಮೇಲೆ ಇಲ್ಲಿ ಕರೆಂಟೂ ನೆಟ್ಟೂ ಚೆನ್ನಾಗಿರುತ್ತದೆ.